ಆಸ್ಪತ್ರೆಗೆ ಒಂದೇ ಬಾಗಿಲಲ್ಲ

ನಾಲ್ಕು ಕನ್ನಡ ಕುಟುಂಬಗಳು ಸೇರಿದ ಕಡೆ, ಅದು ಯುಗಾದಿಯ ಊಟವಾಗಲಿ ರಾಜ್ಯೋತ್ಸವದ ಸಭೆಯಾಗಲಿ, ಮಾತು ಬೇಗನೆ ಮಕ್ಕಳ ಶಾಲೆಯ ಕಡೆ ತಿರುಗುವುದು ವಾಡಿಕೆ. ಸಿಡ್ನಿಯವರ ಬಾಯಲ್ಲಿ ಜೇಮ್ಸ್ ರೂಸ್, ಬಾಲ್ಕಮ್ ಹಿಲ್ಸ್, ಗಿರಾವೀನ್. ಮೆಲ್ಬರ್ನಿನವರ ಬಾಯಲ್ಲಿ ಮೆಲ್ಬರ್ನ್ ಹೈ, ಮ್ಯಾಕ್‌ರಾಬ್, ನಾಸಲ್, ಸುಜಾನ್ ಕೋರಿ. ಆಮೇಲೆ ಟ್ಯೂಷನ್ನಿನ ಮಾತು, ಅದಾದ ಮೇಲೆ ಯೂಕ್ಯಾಟ್ ಪರೀಕ್ಷೆಯ ಮಾತು, ಕೊನೆಗೆ ಮೆಡಿಸಿನ್. ಈ ಸಾಲಿನಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ಮನೆಯ ಹತ್ತಿರದ ಸಾಮಾನ್ಯ ಸರ್ಕಾರಿ ಹೈಸ್ಕೂಲಿನ ಮೂಲಕ ಹದಿನಾರು ವರ್ಷದ ಮಕ್ಕಳು ಆಸ್ಪತ್ರೆಯ ಕೆಲಸ ಕಲಿಯುವ ಏರ್ಪಾಡು ಇದೆಯೇ, ಇದ್ದರೆ ಅದು ನಮ್ಮ ಮಕ್ಕಳಿಗೆ ತಕ್ಕದ್ದೇ?

ಏರ್ಪಾಡು ಇದೆ. ತಕ್ಕದ್ದೂ ಹೌದು. ಅಷ್ಟೇ ಅಲ್ಲ, ಅದನ್ನು ನಾವು ಕಡೆಗಣಿಸುತ್ತಾ ಹೋದರೆ ಅದರ ನಷ್ಟ ಮಕ್ಕಳಿಗಿಂತ ಮೊದಲು ನಮ್ಮ ಮನೆಯ ಹಿರಿಯರಿಗೆ ತಟ್ಟುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಇದನ್ನು ಸದಸ್ಯ ಕುಟುಂಬಗಳ ಮುಂದಿಟ್ಟು ಚರ್ಚೆಗೆ ಎಡೆ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಆರೋಗ್ಯ ವೃತ್ತಿಗಳಿಗೆಂದೇ ಒಂದು ಸರ್ಕಾರಿ ಹೈಸ್ಕೂಲು ಎಂಬ ಕಲ್ಪನೆ ಹೊಸದೇನಲ್ಲ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1972ರಲ್ಲಿ ಅಲ್ಲಿನ ಶಾಲಾ ಮಂಡಳಿಯೂ ಬೇಲರ್ ವೈದ್ಯಕೀಯ ಕಾಲೇಜೂ ಕೈಜೋಡಿಸಿ ಅಂಥದೊಂದು ಶಾಲೆಯನ್ನು ತೆರೆದವು. ಇತರ ಪಾಠಗಳ ಜೊತೆಗೆ ಆಸ್ಪತ್ರೆಯ ಕೆಲಸದ ಪರಿಚಯ ಮಾಡಿಕೊಡುವುದು ಅದರ ಉದ್ದೇಶ. ಮುಂದೆ 1996ರಲ್ಲಿ ಅದಕ್ಕೆ ಪ್ರಸಿದ್ಧ ಹೃದಯ ಶಸ್ತ್ರವೈದ್ಯ ಮೈಕೆಲ್ ಡಿಬೇಕಿಯವರ ಹೆಸರಿಟ್ಟರು. 2017ರಲ್ಲಿ ಟೆಕ್ಸಾಸ್ ಮೆಡಿಕಲ್ ಸೆಂಟರಿನ ಆಸ್ಪತ್ರೆಗಳ ನಡುವೆಯೇ ಹೊಸ ಕಟ್ಟಡವೂ ಬಂತು. ಇಂದು ಅದು ಪ್ರವೇಶಕ್ಕೆ ಭಾರಿ ಪೈಪೋಟಿ ಇರುವ ಶಾಲೆ. ಒಂದು ವೃತ್ತಿಯ ಹೆಸರು ಹೊತ್ತ ಮಾತ್ರಕ್ಕೆ ಶಾಲೆಯ ಮಾನ ಕಡಿಮೆಯಾಗುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಇದಕ್ಕೆ ಹ್ಯೂಸ್ಟನ್ನಿನವರೆಗೆ ಹೋಗಬೇಕಾಗಿಯೂ ಇಲ್ಲ. ನಾವೆಲ್ಲ ಜಪಿಸುವ ಜೇಮ್ಸ್ ರೂಸ್ ಶಾಲೆಯ ಪೂರ್ತಿ ಹೆಸರು ಜೇಮ್ಸ್ ರೂಸ್ ಅಗ್ರಿಕಲ್ಚರಲ್ ಹೈಸ್ಕೂಲು. ಕೈದಿಯಾಗಿ ಈ ನಾಡಿಗೆ ಬಂದು ಪ್ಯಾರಮಟ್ಟದಲ್ಲಿ ಬೇಸಾಯ ಮಾಡಿ ತೋರಿಸಿದ ಒಬ್ಬ ರೈತನ ಹೆಸರು ಅದು. 1959ರಲ್ಲಿ ಶುರುವಾದ ಆ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕೃಷಿ ಕಡ್ಡಾಯ ವಿಷಯ. ಊರಲ್ಲಿ ಗದ್ದೆ ಬಿಟ್ಟು ಬಂದ ಮನೆತನದವರು ಮಗನನ್ನು ಕೃಷಿ ಶಾಲೆಗೆ ಸೇರಿಸಲು ವರ್ಷಗಟ್ಟಲೆ ಟ್ಯೂಷನ್ ಕೊಡಿಸುವುದನ್ನು ಕಂಡರೆ ನಗು ಬರುತ್ತದೆ, ಸಂತೋಷವೂ ಆಗುತ್ತದೆ. ನ್ಯೂ ಸೌತ್ ವೇಲ್ಸಿನಲ್ಲಿ ಕೃಷಿಗೆ 1907ರಿಂದ ಹರ್ಲ್‌ಸ್ಟನ್ ಇದೆ, ಆಟೋಟಕ್ಕೆ ವೆಸ್ಟ್‌ಫೀಲ್ಡ್ಸ್ ಇದೆ, ನಾಟಕ ಸಂಗೀತಕ್ಕೆ ನ್ಯೂಟೌನ್ ಇದೆ. ಎಲ್ಲವೂ ಸರ್ಕಾರಿ ಶಾಲೆಗಳೇ. ಹೀಗಿರುವಾಗ ಆರೋಗ್ಯಕ್ಕೂ ಒಂದು ಇರಲಿ ಎಂದು ಕೇಳುವುದು ಅತಿಯಾಸೆಯಲ್ಲ.

ಮೆಲ್ಬರ್ನಿನ ಪಾರ್ಕ್‌ವಿಲ್ ಬಡಾವಣೆಯಲ್ಲಿ ಇದಕ್ಕೆ ಸಮೀಪದ ಒಂದು ಉದಾಹರಣೆಯಿದೆ. ಅಲ್ಲಿನ ಯೂನಿವರ್ಸಿಟಿ ಹೈಸ್ಕೂಲು 1910ರಲ್ಲಿ ಹುಟ್ಟಿದ ಸರ್ಕಾರಿ ಶಾಲೆ. ಅದರ ನೆರೆಹೊರೆಯನ್ನು ನೋಡಿ: ರಾಯಲ್ ಮೆಲ್ಬರ್ನ್ ಆಸ್ಪತ್ರೆ, ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆ, 2008ರಲ್ಲಿ ಅಲ್ಲಿಗೆ ಬಂದ ರಾಯಲ್ ವಿಮೆನ್ಸ್, 2016ರಲ್ಲಿ ಬಂದ ಪೀಟರ್ ಮೆಕಲಮ್ ಕ್ಯಾನ್ಸರ್ ಆಸ್ಪತ್ರೆ, ಜೊತೆಗೆ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಶೋಧನಾ ಸಂಸ್ಥೆ. ಈ ನೆರೆಹೊರೆಯ ಪ್ರಯೋಜನ ಪಡೆದು ಆ ಶಾಲೆ 2014ರಲ್ಲಿ ಹನ್ನೊಂದು ಹನ್ನೆರಡನೆಯ ತರಗತಿಯವರಿಗಾಗಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಹೆಸರಿನ ವಿಜ್ಞಾನ ವಿಭಾಗವನ್ನು ಆರಂಭಿಸಿತು. ಹೋಬಾರ್ಟಿನಲ್ಲಿ ಹುಟ್ಟಿ, ಇದೇ ಹೈಸ್ಕೂಲಿನಲ್ಲಿ ಓದು ಮುಗಿಸಿ, ಕ್ರೋಮೋಸೋಮಿನ ತುದಿಗಳನ್ನು ಕುರಿತ ಸಂಶೋಧನೆಗಾಗಿ 2009ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಇನ್ನಿಬ್ಬರೊಡನೆ ಹಂಚಿಕೊಂಡ ವಿದುಷಿ ಅವರು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ವೈದ್ಯಶಾಸ್ತ್ರದ ನೊಬೆಲ್ ಪಡೆದ ಬ್ಲ್ಯಾಕ್‌ಬರ್ನ್ ಡಾಕ್ಟರಲ್ಲ, ಜೀವರಸಾಯನ ಓದಿದವರು. ವೆರಿಬಿಯ ಶಾಲೆಗೆ ಹೆಸರು ಕೊಟ್ಟ ಸುಜಾನ್ ಕೋರಿಯವರೂ ಡಾಕ್ಟರಲ್ಲ; ಅವರದೂ ಜೀವರಸಾಯನವೇ, ಹಾಲ್ ಸಂಸ್ಥೆಯನ್ನು 1996ರಿಂದ 2009ರವರೆಗೆ ನಡೆಸಿದವರು. ಬೆರಿಕ್ಕಿನ ಶಾಲೆಗೆ ಹೆಸರಾದ ಗಸ್ಟಾವ್ ನಾಸಲ್ ವೈದ್ಯ ಪದವಿ ಪಡೆದಿದ್ದರೂ ಬಾಳಿನ ಬಹುಭಾಗವನ್ನು ಕಳೆದದ್ದು ಅದೇ ಸಂಸ್ಥೆಯ ಪ್ರಯೋಗಾಲಯದಲ್ಲಿ. ನಾವು ಬೆಳಗಾದರೆ ಉಚ್ಚರಿಸುವ ಶಾಲೆಗಳ ಹೆಸರುಗಳೇ ನಮಗೆ ಪಾಠ ಹೇಳುತ್ತಿವೆ: ರೋಗಿಯ ಉಪಕಾರಕ್ಕೆ ಒದಗುವವರು ಡಾಕ್ಟರು ಮಾತ್ರವಲ್ಲ.

ಆದರೆ ಪಾರ್ಕ್‌ವಿಲ್ಲಿನದು ಸಂಶೋಧನೆಯ ದಾರಿ. ಅದು ಎಲ್ಲರಿಗೂ ಒಗ್ಗದು. ರೋಗಿಯ ಹಾಸಿಗೆಯ ಪಕ್ಕದ ಕೆಲಸದ ದಾರಿ ಇನ್ನೊಂದಿದೆ. ಅದೇ ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದ ದಾರಿ. ಸಿಡ್ನಿಯ ಎಚ್.ಎಸ್.ಸಿ.ಯಲ್ಲಿ ಹ್ಯೂಮನ್ ಸರ್ವಿಸಸ್ ಎಂಬ ವೃತ್ತಿಶಿಕ್ಷಣ ವಿಷಯವಿದೆ. 240 ಗಂಟೆಗಳ ಪಾಠಕ್ಕೆ 70 ಗಂಟೆ ಕೆಲಸದ ಜಾಗದಲ್ಲಿ ಕಡ್ಡಾಯ ತರಬೇತಿ. ಜೊತೆಗಿರುವ ಐಚ್ಛಿಕ ಲಿಖಿತ ಪರೀಕ್ಷೆಗೆ ಕೂತರೆ ಅಂಕಗಳನ್ನು ಏಟಾರ್ ಲೆಕ್ಕಕ್ಕೂ ಹಿಡಿಯಬಹುದು. ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರೆ ಶಾಲೆಯಲ್ಲಿರುವಾಗಲೇ ಟ್ರೈನಿಶಿಪ್. ಹನ್ನೊಂದನೆಯ ತರಗತಿಯ ವಿದ್ಯಾರ್ಥಿ ವಾರಕ್ಕೊಂದು ದಿನದ ಲೆಕ್ಕದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಸಂಬಳ ಪಡೆದು ಕೆಲಸ ಮಾಡುತ್ತಾನೆ. ಎರಡು ವರ್ಷದಲ್ಲಿ ಕನಿಷ್ಠ 100 ದಿನ ಕೆಲಸ. ಎಚ್.ಎಸ್.ಸಿ. ಮುಗಿಯುವ ಹೊತ್ತಿಗೆ ಕೈಯಲ್ಲಿ ಸರ್ಟಿಫಿಕೇಟ್ ತ್ರೀ ಇರುತ್ತದೆ. ಸಹಾಯಕ ದಾದಿಯಾಗಿ ಕೆಲಸಕ್ಕೆ ಸೇರಲು ಅದು ಸಾಕು. ಮೆಲ್ಬರ್ನಿನಲ್ಲಿ ವಿ.ಸಿ.ಇ.ಯ ಒಳಗೇ ಆರೋಗ್ಯ ವೃತ್ತಿಶಿಕ್ಷಣವಿದೆ; ಫಿಸಿಯೋಥೆರಪಿ ಮೊದಲಾದ ವಿಭಾಗಗಳಲ್ಲಿ ಸಹಾಯಕರಾಗಲು ಬೇಕಾದ ತರಬೇತಿ ಅದರಲ್ಲಿ ಸೇರಿದೆ. ವಿ.ಕ್ಯಾಲ್ ಹೋಗಿ 2023ರಿಂದ ವೊಕೇಷನಲ್ ಮೇಜರ್ ಎಂಬ ಹೊಸ ಹಾದಿಯೂ ಬಂದಿದೆ.

ಇದನ್ನು ಹೇಳಿದ ಕೂಡಲೇ ಬರುವ ಮೊದಲ ಆಕ್ಷೇಪಣೆ ನಮಗೆ ಗೊತ್ತು. "ಅದು ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಕಣ್ರೀ, ನಮ್ಮವರಿಗಲ್ಲ." ಈ ಮಾತಿನ ಹಿಂದೆ ಒಂದು ತಪ್ಪು ತಿಳಿವಳಿಕೆಯಿದೆ: ಸರ್ಟಿಫಿಕೇಟ್ ಎಂದರೆ ಅಲ್ಲಿಗೆ ಓದು ಮುಗಿಯಿತು ಎಂದು. ಹಾಗಿಲ್ಲ. ಸರ್ಟಿಫಿಕೇಟಿನಿಂದ ಟೇಫ್‌ನಲ್ಲಿ ನರ್ಸಿಂಗ್ ಡಿಪ್ಲೊಮಾ, ಅದರಿಂದ ಎನ್ರೋಲ್ಡ್ ನರ್ಸ್ ಕೆಲಸ. ಡಿಪ್ಲೊಮಾ ಓದಿದವರಿಗೆ ವಿಶ್ವವಿದ್ಯಾಲಯದ ಮೂರು ವರ್ಷದ ನರ್ಸಿಂಗ್ ಪದವಿಯಲ್ಲಿ ಒಂದಷ್ಟು ಭಾಗದ ವಿನಾಯಿತಿ. ಮುಂದೆ ವಿಶೇಷ ತರಬೇತಿ, ಸಂಶೋಧನೆ, ಡಾಕ್ಟರೇಟು. ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಏಣಿ ಇದು. ಬೇಕಾದ ಮೆಟ್ಟಿಲಲ್ಲಿ ನಿಂತು ದುಡಿಯಬಹುದು, ಮನಸ್ಸಾದಾಗ ಮತ್ತೆ ಹತ್ತಬಹುದು.

ಡಾಕ್ಟರಾಗುವ ಹಾದಿಯಾದರೂ ಹದಿನೆಂಟನೆಯ ವಯಸ್ಸಿಗೆ ಮುಚ್ಚಿಹೋಗುವುದಿಲ್ಲ. ಸಿಡ್ನಿ ವಿಶ್ವವಿದ್ಯಾಲಯ 1997ರಲ್ಲಿ, ಮೆಲ್ಬರ್ನ್ ವಿಶ್ವವಿದ್ಯಾಲಯ 2011ರಲ್ಲಿ, ಪದವೀಧರರಿಗೆ ವೈದ್ಯಶಿಕ್ಷಣ ಕೊಡುವ ಪದ್ಧತಿಗೆ ತಿರುಗಿದವು. ಒಂದು ಪದವಿ ಮುಗಿಸಿ, ಗ್ಯಾಮ್‌ಸ್ಯಾಟ್ ಪರೀಕ್ಷೆ ಬರೆದು ಅಲ್ಲಿಗೆ ಅರ್ಜಿ ಹಾಕಬಹುದು. ನರ್ಸಿಂಗ್ ಅಥವಾ ಫಿಸಿಯೋಥೆರಪಿ ಪದವೀಧರರೂ ಹಾಕಬಹುದು. ಹೀಗಿದ್ದರೂ ಹನ್ನೆರಡನೆಯ ತರಗತಿಯ ಒಂದು ಫಲಿತಾಂಶದ ಮೇಲೆ ಇಡೀ ಮನೆಯ ಮಾನವನ್ನು ಪಣಕ್ಕಿಟ್ಟು, ಸೀಟು ಸಿಗದ ಮಗುವನ್ನು ಸೋತವರಂತೆ ಕಾಣುವುದು ಯಾವ ನ್ಯಾಯ?

ಎರಡನೆಯ ಆಕ್ಷೇಪಣೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅದೇ ಆಳವಾದದ್ದು. ಮಲಮೂತ್ರ ಮುಟ್ಟುವ, ಬೇರೆಯವರ ಮೈ ತೊಳೆಯುವ ಕೆಲಸ ನಮ್ಮ ಮಕ್ಕಳಿಗೇಕೆ ಎಂಬ ಸಂಕೋಚ ಅದು. ವೈದ್ಯನನ್ನು ನಾರಾಯಣನಿಗೆ ಸಮನೆಂದ ಸಂಸ್ಕೃತಿ ನಮ್ಮದು. ಆದರೆ ಶುಶ್ರೂಷೆ ಮಾಡುವವರಿಗೆ ಅಂಥ ಪೀಠ ಕೊಡಲಿಲ್ಲ. ಮುಟ್ಟುವ ಕೆಲಸ ಯಾರದ್ದು, ಮುಟ್ಟದ ಕೆಲಸ ಯಾರದ್ದು ಎಂದು ಹುಟ್ಟಿನಿಂದಲೇ ಗೆರೆ ಎಳೆದ ಹಳೆಯ ಲೆಕ್ಕಾಚಾರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಸಮುದ್ರ ದಾಟಿ ತಂದಿದ್ದೇವೆಯೇ ಎಂದು ಒಬ್ಬೊಬ್ಬರೂ ಕೇಳಿಕೊಳ್ಳಬೇಕು.

ಈ ನಾಡಿನಲ್ಲೂ ದಾದಿಯರಿಗೆ ಗೌರವ ತಾನಾಗಿ ಬರಲಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಕಳಿಸಿಕೊಟ್ಟ ಲೂಸಿ ಆಸ್ಬರ್ನ್ ಮತ್ತು ಐವರು ದಾದಿಯರು 1868ರಲ್ಲಿ ಸಿಡ್ನಿಯ ಮೆಕ್ವಾರಿ ಬೀದಿಯ ಆಸ್ಪತ್ರೆಗೆ ಬಂದು ಕೊಳಕು, ಹುಳುಹುಪ್ಪಟೆ, ಡಾಕ್ಟರುಗಳ ವಿರೋಧ, ಎಲ್ಲದರ ನಡುವೆ ತರಬೇತಿಯನ್ನು ಕಟ್ಟಿದರು. ಆಮೇಲೆ ಒಂದು ಶತಮಾನಕ್ಕೂ ಹೆಚ್ಚು ಕಾಲ ದಾದಿಯರ ಕಲಿಕೆ ಆಸ್ಪತ್ರೆಯ ವಾರ್ಡಿನಲ್ಲೇ, ದುಡಿಯುತ್ತಲೇ ನಡೆಯಿತು. 1985ರಲ್ಲಿ ನ್ಯೂ ಸೌತ್ ವೇಲ್ಸ್ ಅದನ್ನು ಕಾಲೇಜುಗಳಿಗೆ ವರ್ಗಾಯಿಸಿತು. ಮುಂದಿನ ಹತ್ತು ವರ್ಷಗಳಲ್ಲಿ ದೇಶವೆಲ್ಲ ಆ ದಾರಿ ಹಿಡಿಯಿತು. ಇಂದು ಇಲ್ಲಿ ರಿಜಿಸ್ಟರ್ಡ್ ನರ್ಸ್ ಎಂದರೆ ವಿಶ್ವವಿದ್ಯಾಲಯದ ಪದವೀಧರೆ ಅಥವಾ ಪದವೀಧರ.

ನಮ್ಮ ನಾಡಿನ ಅನುಭವವನ್ನೂ ನೆನೆಯಬೇಕು. ಕರ್ನಾಟಕದಲ್ಲಿ 1970ರ ದಶಕದ ಉತ್ತರಾರ್ಧದಲ್ಲಿ ಪಿ.ಯು.ಸಿ.ಗೆ ಸರಿಸಾಟಿಯಾಗಿ ವೃತ್ತಿಶಿಕ್ಷಣದ ಕೋರ್ಸುಗಳು ಬಂದವು, ಜೆ.ಒ.ಸಿ. ಎಂದರೆ ಹಳಬರಿಗೆಲ್ಲ ಗೊತ್ತು. ಅವುಗಳಲ್ಲಿ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞರ ತರಬೇತಿಯೂ ಇತ್ತು. 2011ರ ಹೊತ್ತಿಗೆ ಆ ವ್ಯವಸ್ಥೆ ಮುಚ್ಚಿಹೋಯಿತು. ಮುಂದಿನ ಓದಿಗೆ ಅದರಿಂದ ಹಾದಿ ಸಲೀಸಾಗಿರಲಿಲ್ಲ ಎಂಬುದು ಒಂದು ಕೊರತೆ. ಫೇಲಾದವರ ಕೋರ್ಸು ಎಂಬ ಜನರ ತಾತ್ಸಾರ ಇನ್ನೊಂದು. ಮೊದಲ ಕೊರತೆ ಇಲ್ಲಿ ಅಷ್ಟಾಗಿ ಇಲ್ಲ. ಎರಡನೆಯದನ್ನು ಮಾತ್ರ ನಾವು ಜೊತೆಗೇ ತಂದುಬಿಟ್ಟಿದ್ದೇವೆ.

ಇನ್ನು ನಮ್ಮ ಹಿರಿಯರ ವಿಷಯ. ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಬಂದವರು ಈಗ ನಿವೃತ್ತರಾಗುತ್ತಿದ್ದಾರೆ. ಅವರಿಗಿಂತ ಹಿರಿಯರಾದ ತಂದೆತಾಯಿಯರು, ಪೇರೆಂಟ್ ವೀಸಾದ ಮೇಲೆ ಬಂದವರು, ನಮ್ಮ ಮನೆಗಳಲ್ಲಿದ್ದಾರೆ. ಕೊನೆಯವರೆಗೂ ಮನೆಯಲ್ಲೇ ನೋಡಿಕೊಳ್ಳುತ್ತೇವೆ ಎಂಬ ಸಂಕಲ್ಪ ಒಳ್ಳೆಯದೇ. ಆದರೆ ಗಂಡಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ, ಸೊಂಟದ ಮೂಳೆ ಮುರಿದ ಅಜ್ಜಿಯನ್ನು ಅಥವಾ ಮರೆವಿನ ರೋಗ ಬಂದ ತಾತನನ್ನು ಹಗಲಿರುಳು ನೋಡಿಕೊಳ್ಳಲು ಎಲ್ಲರಿಂದಲೂ ಆಗುವುದಿಲ್ಲ. ಮರೆವು ಹೆಚ್ಚಿದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತಾಯಿನುಡಿಯೊಂದೇ ಉಳಿಯುವುದು ವೈದ್ಯರು ಬಲ್ಲ ಸಂಗತಿ. ನಲವತ್ತು ವರ್ಷ ಇಂಗ್ಲಿಷಿನಲ್ಲಿ ಆಫೀಸು ನಡೆಸಿದವರಿಗೂ ಇದು ತಪ್ಪಿದ್ದಲ್ಲ.

ಆಗ ಅಜ್ಜಿ "ಸಂಕಟ ಆಗ್ತಿದೆ" ಎನ್ನುತ್ತಾಳೆ. ಅದು ಎದೆಯದೋ ಹೊಟ್ಟೆಯದೋ ಮನಸ್ಸಿನದೋ? "ಕಾಲು ಜೋಮು ಹಿಡಿದಿದೆ", "ಹೊಟ್ಟೆ ತೊಳಸ್ತಿದೆ", "ಕಣ್ಣು ಕತ್ತಲೆ ಬಂತು": ಇವು ಒಂದೊಂದೂ ರೋಗಲಕ್ಷಣ. ಫೋನಿನಲ್ಲಿ ದುಭಾಷಿಯನ್ನು ಒದಗಿಸುವ ಸರ್ಕಾರಿ ಸೇವೆ 1973ರಿಂದ ಇದೆ. 131 450 ಸಂಖ್ಯೆಯನ್ನು ಎಲ್ಲರೂ ಬರೆದಿಟ್ಟುಕೊಳ್ಳಿ. ಆದರೆ ಡಾಕ್ಟರೊಡನೆ ಸಮಾಲೋಚನೆಗೆ ದುಭಾಷಿ ಸರಿ. ನಡುರಾತ್ರಿ ಮಗ್ಗುಲು ಬದಲಿಸುವಾಗ, ಸ್ನಾನ ಮಾಡಿಸುವಾಗ, ಎರಡು ತುತ್ತು ಹೆಚ್ಚಿಗೆ ಉಣ್ಣಿಸುವಾಗ ಬೇಕಾದ್ದು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಮಾತಾಡುವ ಮನುಷ್ಯ.

ಸರ್ಕಾರದ ನಿಯಮಗಳು ಈಗ ಇದಕ್ಕೆ ಅನುಕೂಲವಾಗಿಯೇ ಇವೆ. ವೃದ್ಧರ ಆರೈಕೆಯ ಬಗ್ಗೆ ತನಿಖೆ ಮಾಡಿದ ರಾಯಲ್ ಕಮಿಷನ್ ತನ್ನ ಅಂತಿಮ ವರದಿಯನ್ನು 2021ರಲ್ಲಿ ಕೊಟ್ಟಿತು. 2023ರ ಜುಲೈನಿಂದ ಆರೈಕೆ ಮನೆಗಳಲ್ಲಿ ದಿನದ 24 ಗಂಟೆಯೂ ರಿಜಿಸ್ಟರ್ಡ್ ನರ್ಸ್ ಇರಬೇಕೆಂಬ ನಿಯಮ ಬಂತು. 2024ರ ಅಕ್ಟೋಬರಿನಿಂದ ಒಬ್ಬೊಬ್ಬ ನಿವಾಸಿಗೆ ದಿನಕ್ಕೆ ಸರಾಸರಿ 215 ನಿಮಿಷಗಳ ಆರೈಕೆ ಸಲ್ಲಬೇಕು, ಅದರಲ್ಲಿ 44 ನಿಮಿಷ ರಿಜಿಸ್ಟರ್ಡ್ ನರ್ಸಿನದಾಗಬೇಕು. 2025ರ ನವೆಂಬರ್ 1ರಿಂದ ಜಾರಿಗೆ ಬಂದ ಹೊಸ ಕಾಯಿದೆ, ತನಗೆ ಬೇಕಾದ ಭಾಷೆಯಲ್ಲಿ ವ್ಯವಹರಿಸುವುದನ್ನು ಹಿರಿಯರ ಹಕ್ಕುಗಳ ಸಾಲಿಗೆ ಸೇರಿಸಿದೆ. ಕಾಯಿದೆ ಹಕ್ಕನ್ನು ಕೊಟ್ಟೀತು, ಕನ್ನಡ ಬಲ್ಲ ದಾದಿಯನ್ನು ಕೊಡಲಾರದು. ಅವರು ನಮ್ಮ ಮನೆಗಳಿಂದಲೇ ಬರಬೇಕು. ಮಲಯಾಳಿ ಬಂಧುಗಳನ್ನು ನೋಡಿ. ಎಷ್ಟೋ ಮಂದಿ ನಮ್ಮ ಬೆಂಗಳೂರು ಮಂಗಳೂರಿನ ಕಾಲೇಜುಗಳಲ್ಲೇ ನರ್ಸಿಂಗ್ ಓದಿ, ಇಂದು ಇಲ್ಲಿನ ಆಸ್ಪತ್ರೆಗಳಲ್ಲಿ ಗೌರವದಿಂದ ದುಡಿಯುತ್ತಿದ್ದಾರೆ. ಅವರ ಹಿರಿಯರು ಹಾಸಿಗೆ ಹಿಡಿದರೆ ಸ್ವಂತ ನುಡಿ ಕೇಳುವ ಭಾಗ್ಯ ಹೆಚ್ಚಾಗಿ ಉಂಟು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಇಲ್ಲಿ ಸಲ್ಲುತ್ತದೆ. ಜನರೊಡನೆ ಬೆರೆಯುವ, ಕೈಯಿಂದ ಕೆಲಸ ಮಾಡುವ ಆಸೆಯ ಮಕ್ಕಳು ನಮ್ಮಲ್ಲಿದ್ದಾರೆ. ಅಂಥವರ ಅಗತ್ಯ ನಮ್ಮ ಹಿರಿಯರಿಗಿದೆ. ನಡುವೆ ಅಡ್ಡ ನಿಂತಿರುವುದು ನಾವು, ತಂದೆತಾಯಿಗಳು.

ಹಾಗೆಂದು ಕಣ್ಣು ಮುಚ್ಚಿ ಯಾರೂ ಮಕ್ಕಳನ್ನು ಈ ದಾರಿಗೆ ನೂಕಬೇಕಾಗಿಲ್ಲ. ವಲಸೆ ಬಂದವರ ಮಕ್ಕಳನ್ನು, ಬಡ ಬಡಾವಣೆಗಳ ಮಕ್ಕಳನ್ನು, ಕೇಳದೆಯೇ ವೃತ್ತಿಶಿಕ್ಷಣಕ್ಕೆ ತಳ್ಳಿಬಿಡುವ ಅಪಾಯ ಎಲ್ಲ ದೇಶಗಳಲ್ಲೂ ಇದೆ. ಆದ್ದರಿಂದ ಎರಡು ಎಚ್ಚರಿಕೆ. ಮೊದಲನೆಯದು, ಮೆಲ್ಬರ್ನಿನ ವೊಕೇಷನಲ್ ಮೇಜರ್ ಹಾದಿಯಲ್ಲಿ ತಾನಾಗಿ ಏಟಾರ್ ಬರುವುದಿಲ್ಲ, ಸಾಮಾನ್ಯ ವಿ.ಸಿ.ಇ.ಯ ಜೊತೆ ಆರೋಗ್ಯದ ವೃತ್ತಿಶಿಕ್ಷಣವನ್ನು ಒಂದು ವಿಷಯವಾಗಿ ತೆಗೆದುಕೊಳ್ಳುವುದು ಬೇರೆ. ಈ ಭೇದವನ್ನು ಶಾಲೆಯಲ್ಲಿ ಬಿಡಿಸಿ ಕೇಳಿ. ಎರಡನೆಯದು, ರಸಾಯನಶಾಸ್ತ್ರದವರಾದ ನಮ್ಮ ಒತ್ತಾಯ ಎಂದೇ ತಿಳಿಯಿರಿ: ಸಾಧ್ಯವಿದ್ದರೆ ರಸಾಯನಶಾಸ್ತ್ರವನ್ನೂ ಗಣಿತವನ್ನೂ ಬಿಡಿಸಬೇಡಿ. ಔಷಧದ ಪ್ರಮಾಣ ಲೆಕ್ಕ ಹಾಕುವುದು, ಸಲೈನಿನ ಸಾಂದ್ರತೆ ತಿಳಿಯುವುದು, ರಕ್ತಪರೀಕ್ಷೆಯ ವರದಿ ಓದುವುದು, ಎಲ್ಲದಕ್ಕೂ ಅವೇ ಬುನಾದಿ. ಏಣಿಯ ಮೇಲಿನ ಮೆಟ್ಟಿಲುಗಳಿಗೂ ಅವೇ ಆಧಾರ.

ಸಂಘ ಏನು ಮಾಡಬಹುದು? ನಮ್ಮ ಸಲಹೆಗಳು ಮೂರು. ಒಂದು, ವರ್ಷಕ್ಕೊಂದು ಬಾರಿ ನಮ್ಮ ನಡುವಿನ ದಾದಿಯರು, ಫಿಸಿಯೋಥೆರಪಿಯವರು, ಎಕ್ಸ್-ರೇ ತಂತ್ರಜ್ಞರು, ಪ್ಯಾಥಾಲಜಿ ಲ್ಯಾಬಿನವರು, ಆಂಬ್ಯುಲೆನ್ಸಿನವರು ವೇದಿಕೆಗೆ ಬಂದು ಮಕ್ಕಳೊಡನೆ ಮಾತಾಡಲಿ. ಪ್ರತಿಭಾ ಪುರಸ್ಕಾರ ಏಟಾರ್ ಅಂಕಕ್ಕೆ ಮಾತ್ರ ಮೀಸಲಾಗದೆ ಟ್ರೈನಿಶಿಪ್ ಮುಗಿಸಿದ ಮಗುವಿಗೂ ಸಲ್ಲಲಿ. ಎರಡು, ಕನ್ನಡ ಶಾಲೆಯ ದೊಡ್ಡ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ನೋವು, ಕಾಯಿಲೆ, ಪಥ್ಯದ ಕನ್ನಡ ಮಾತುಗಳನ್ನು ಸಂಗ್ರಹಿಸಿ, ಇಂಗ್ಲಿಷ್ ಅರ್ಥದೊಡನೆ ಒಂದು ಕಿರುಹೊತ್ತಿಗೆ ಮಾಡಲಿ. ಆಸ್ಪತ್ರೆಗೆ ಹೋಗುವ ಚೀಲದಲ್ಲಿ ಅದು ಇರಲಿ. ಮೂರು, ಇತರ ಭಾಷಿಕರ ಸಂಘಗಳೊಡನೆ ಸೇರಿ ನಮ್ಮ ಶಾಸಕರಿಗೆ ಬರೆಯೋಣ. ಸಿಡ್ನಿಯ ವೆಸ್ಟ್‌ಮೀಡಿನಲ್ಲಿ 1978ರಿಂದ ದೊಡ್ಡ ಆಸ್ಪತ್ರೆ, 1995ರಿಂದ ಮಕ್ಕಳ ಆಸ್ಪತ್ರೆ ಇವೆ. ಮೆಲ್ಬರ್ನಿನ ಪಶ್ಚಿಮದಲ್ಲಿ ಸನ್‌ಶೈನ್ ಆಸ್ಪತ್ರೆ, ಅದರ ಜೊತೆಗೆ 2019ರಲ್ಲಿ ತೆರೆದ ಜೋನ್ ಕರ್ನರ್ ಆಸ್ಪತ್ರೆ ಇವೆ. ಇವುಗಳ ನೆರಳಿನಲ್ಲಿ, ಪ್ರವೇಶ ಪರೀಕ್ಷೆಯ ಜರಡಿ ಇಲ್ಲದ, ಆಸಕ್ತಿಯುಳ್ಳ ನೆರೆಹೊರೆಯ ಮಕ್ಕಳಿಗೆಲ್ಲ ತೆರೆದ ಒಂದೊಂದು ಸರ್ಕಾರಿ ಆರೋಗ್ಯ ಹೈಸ್ಕೂಲು ಬರಲಿ.

ಮೂರನೆಯದು ಕೈಗೂಡಲು ವರ್ಷಗಳು ಬೇಕಾಗಬಹುದು. ಆದರೆ ಇಲ್ಲಿನ ಹತ್ತನೆಯ ತರಗತಿಯ ಮಕ್ಕಳು ಮುಂದಿನ ವಿಷಯಗಳನ್ನು ಆರಿಸಿಕೊಳ್ಳುವುದು ವರ್ಷದ ನಡುವಿನ ತಿಂಗಳುಗಳಲ್ಲಿ. ಅಷ್ಟರೊಳಗೆ ಶಾಲೆಯ ಕೆರಿಯರ್ಸ್ ಅಡ್ವೈಸರನ್ನು ಮಗುವಿನ ಜೊತೆಗೆ ಹೋಗಿ ಕಂಡು, ಆರೋಗ್ಯ ವೃತ್ತಿಶಿಕ್ಷಣದ ಅವಕಾಶಗಳನ್ನು ವಿಚಾರಿಸಿ ಬರುವುದಕ್ಕೆ ಅರ್ಧ ಗಂಟೆ ಸಾಕು. ಮಗು ಬೇಡವೆಂದರೆ ಬಿಡೋಣ; ಬೇಕೆಂದರೆ "ಜನ ಏನೆಂದಾರು" ಎಂಬ ಮಾತು ನಮ್ಮ ಬಾಯಿಂದ ಬಾರದಿರಲಿ. ಓದುಗರು, ಅದರಲ್ಲೂ ಈ ವೃತ್ತಿಗಳಲ್ಲಿರುವ ಸದಸ್ಯರು, ತಮ್ಮ ಅಭಿಪ್ರಾಯಗಳನ್ನು ಮುಂದಿನ ಸಂಚಿಕೆಗೆ ಬರೆದು ಕಳುಹಿಸಬೇಕಾಗಿ ವಿನಂತಿ.